ಉಸುಕಿನ ಮೇಲೆ ಬೆಂದ ಕೇಕು

ಮೇ ತಿಂಗಳ ಮಧ್ಯಾಹ್ನ ಯಾದಗಿರಿಯಿಂದ ಕೊಂಕಲ್ ಕಡೆ ಹೊರಡುವ ಬಸ್ಸಿನಲ್ಲಿ ರಟ್ಟಿನ ಡಬ್ಬಿಯೊಂದನ್ನು ತೊಡೆಯ ಮೇಲೆ ಜೋಪಾನವಾಗಿ ಹಿಡಿದು ಕುಳಿತವರು ಕಣ್ಣಿಗೆ ಬೀಳುವುದು ಈಗ ಅಪರೂಪವಲ್ಲ. ಡಬ್ಬಿಯೊಳಗೆ ಮಗುವಿನ ಹುಟ್ಟುಹಬ್ಬದ ಕೇಕು ಇರುತ್ತದೆ. ಕಂದು ಬಣ್ಣದ ಎರಡು ಮೂರು ಪದರ, ಪದರಗಳ ನಡುವೆ ಬಿಳಿಯ ಕೆನೆ, ಮೇಲೆ ಕೆನೆಯದೇ ಹೂವು, ಹೂವಿನ ನಡುವೆ ಕೆಂಪು ಹಣ್ಣು. ಹೊರಗೆ ಬಿಸಿಲು 40 ಡಿಗ್ರಿ ದಾಟಿದೆ. ಬಸ್ಸಿನ ತಗಡು ರೊಟ್ಟಿ ಸುಡುವ ಹೆಂಚಿನಂತೆ ಕಾದಿದೆ. ಆದರೂ ಊರು ಮುಟ್ಟಿ ಡಬ್ಬಿ ತೆರೆದರೆ ಹೂವಿನ ಒಂದು ದಳವೂ ಬಾಗಿರುವುದಿಲ್ಲ.

ಎಮ್ಮೆ ಕಟ್ಟಿದ ಮನೆಯ ಮುದುಕಿಯೊಬ್ಬಳು ಆ ಹೂವನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, ‘ಇದು ಕೆನಿ ಅಲ್ಲ ಬಿಡವ್ವಾ, ಸಬಕಾರದ ನೊರಿ ಇದ್ದಂಗದ’ ಎಂದರೆ ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಲಿನ ಕೆನೆ ಈ ಸೀಮೆಯ ಬೇಸಿಗೆಯಲ್ಲಿ ಒಂದು ಗಳಿಗೆಯೂ ನಿಲ್ಲದು ಎಂಬುದು ಅವಳಿಗೆ ಅನುಭವದಿಂದ ಗೊತ್ತು. ಹಾಗಾದರೆ ಈ ನಿಂತ ಕೆನೆ ಯಾವುದು? ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಇಡೀ ಕೇಕಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಅದು ಬದಲಿ ವಸ್ತುಗಳ ಚರಿತ್ರೆ. ಇಲ್ಲದ್ದರ ಜಾಗದಲ್ಲಿ ಇದ್ದುದನ್ನು ಹಾಕಿದ ಜಾಣ್ಮೆ ಅದರಲ್ಲಿದೆ. ಇದ್ದುದನ್ನೇ ತೆಗೆದು ಬೇರೊಂದನ್ನು ತುಂಬಿದ ವ್ಯಾಪಾರವೂ ಇದೆ. ಇವೆರಡೂ ಒಂದೇ ಅಲ್ಲ.

ಕರಿಯ ಕಾಡಿನ ಹೆಸರು

ನಮ್ಮ ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ ಈ ಕೇಕಿಗಿರುವ ಹೆಸರು ‘ಬ್ಲ್ಯಾಕ್ ಫಾರೆಸ್ಟ್’. ಇದು ಜರ್ಮನಿಯ ನೈರುತ್ಯ ಭಾಗದ ಗುಡ್ಡಗಾಡಿನ ಹೆಸರು. ಚಾಕೊಲೇಟ್ ಕೇಕಿನ ಪದರ, ಕಡೆದ ಕೆನೆ, ಹುಳಿ ಚೆರ‍್ರಿ ಹಣ್ಣು ಮತ್ತು ಆ ಹಣ್ಣಿನಿಂದ ಇಳಿಸಿದ ಮದ್ಯ ಇವು ನಾಲ್ಕೂ ಕೂಡಿದ ಕೇಕು ಅದು. 1915ರಲ್ಲಿ ತಾನೇ ಇದನ್ನು ಮೊದಲು ಮಾಡಿದೆನೆಂದು ಯೋಸೆಫ್ ಕೆಲ್ಲರ್ ಎಂಬ ಮಿಠಾಯಿಗಾರ ಹೇಳಿಕೊಂಡಿದ್ದ. ಅಚ್ಚಿನಲ್ಲಿ ಇದರ ಹೆಸರು ಕಾಣಿಸಿಕೊಂಡದ್ದು 1934ರಲ್ಲಿ. ಅಂದರೆ ಯುರೋಪಿನಲ್ಲೂ ಇದು ತೀರ ಹಳೆಯ ತಿನಿಸೇನಲ್ಲ. ನಮ್ಮ ಅಜ್ಜಂದಿರ ಕಾಲದ್ದು.

ಭಾರತಕ್ಕೆ ಬಂದ ಮೇಲೆ ಇದರ ಮದ್ಯ ಬಿಟ್ಟುಹೋಯಿತು. ಚೆರ‍್ರಿ ನಮ್ಮ ಬಯಲಿನಲ್ಲಿ ಬೆಳೆಯುವುದಿಲ್ಲ. ಅದರ ಜಾಗಕ್ಕೆ ಬಂದದ್ದು ಗುಡ್ಡದ ಮುಳ್ಳುಪೊದೆಯಲ್ಲಿ ಸಿಗುವ ನಮ್ಮ ಕವಳಿ ಹಣ್ಣು. ಬೇಕರಿಯಲ್ಲಿ ‘ಚೆರ‍್ರಿ’ ಎಂದು ಮಾರಾಟವಾಗುವ ಕೆಂಪು ಗುಂಡುಗಳು ಬಹುಪಾಲು ಕವಳಿಕಾಯಿಗಳೇ. ಬೀಜ ತೆಗೆದು, ಉಪ್ಪುನೀರಿನಲ್ಲಿ ನೆನೆಸಿ, ಸಕ್ಕರೆ ಪಾಕದಲ್ಲಿ ಕುದಿಸಿ, ಕೆಂಪು ಬಣ್ಣ ಹಾಕಿದ ಕವಳಿಯನ್ನು ಮಕ್ಕಳು ಜರ್ಮನಿಯ ಹಣ್ಣೆಂದು ತಿನ್ನುತ್ತಾರೆ. ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದ ಕಾಯಿ ವೇಷ ಬದಲಿಸಿ ಬಂದಿದೆಯೆಂದು ತಿಳಿದರೆ ಅವರಿಗೂ ನಗು ಬಂದೀತು.

ಮೇಲೂ ಕೆಳಗೂ ಬೆಂಕಿ

ಕೇಕು ನಮ್ಮ ಹಳ್ಳಿಗಳಿಗೆ ತಡವಾಗಿ ಬಂದದ್ದಕ್ಕೆ ಮೊದಲ ಕಾರಣ ಹಿಟ್ಟಲ್ಲ, ಸಕ್ಕರೆಯಲ್ಲ, ಒಲೆ. ನಮ್ಮ ಒಲೆ ಕೆಳಗಿನಿಂದ ಉರಿಯುತ್ತದೆ. ಜೋಳದ ರೊಟ್ಟಿಗೆ, ಅನ್ನಕ್ಕೆ, ಹೋಳಿಗೆಗೆ ಅಷ್ಟು ಸಾಕು. ಕೇಕಿಗೆ ಸುತ್ತ ನಾಲ್ಕೂ ಕಡೆಯಿಂದ ಸುಮಾರು 170ರಿಂದ 180 ಡಿಗ್ರಿ ಒಣ ಬಿಸಿ ಬೇಕು. ಆವಿಯಲ್ಲಿ ಬೇಯಿಸಿದರೆ ಅದು ಇಡ್ಲಿಯಾಗುತ್ತದೆ. ನೀರಿನ ಆವಿ ತೆರೆದ ಪಾತ್ರೆಯಲ್ಲಿ 100 ಡಿಗ್ರಿ ಮೀರುವುದಿಲ್ಲ. ಮೇಲ್ಮೈ ಕಂದಾಗಿ ಘಮ ಹುಟ್ಟಬೇಕಾದರೆ 140 ಡಿಗ್ರಿಯನ್ನಾದರೂ ದಾಟಬೇಕು.

ಬ್ರಿಟಿಷರ ಕಾಲದಲ್ಲಿ ಈ ತೊಡಕು ಅವರ ಅಡುಗೆಯವರ ಪಾಲಿಗೆ ಬಂತು. ಸುರಪುರಕ್ಕೆ 1841ರಲ್ಲಿ ಬಂದ ಫಿಲಿಪ್ ಮೆಡೋಸ್ ಟೇಲರ್ 1844ರಲ್ಲಿ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಇಂದಿಗೂ ಉಳಿದಿದೆ. ದೊಡ್ಡ ದಂಡಿನ ಪೇಟೆಗಳಿಂದ ದೂರವಿದ್ದ ಇಂಥ ಠಾಣೆಗಳಲ್ಲೂ ಪ್ರವಾಸದ ಡೇರೆಗಳಲ್ಲೂ ಬ್ರೆಡ್ಡು ಬೇಕೆಂದರೆ ಇದ್ದ ಪಾತ್ರೆಯಲ್ಲೇ ಸುಡಬೇಕಾಗಿತ್ತು. 1878ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಡುಗೆ ಪುಸ್ತಕದ ಕರ್ತೃ, ‘ವೈವರ್ನ್’ ಎಂಬ ಗುಪ್ತನಾಮದ ಕರ್ನಲ್ ಕೆನ್ನಿ-ಹರ್ಬರ್ಟ್, ಡೇರೆಯ ಅಡುಗೆಗೆಂದೇ ಪುಟಗಳನ್ನು ಮೀಸಲಿಟ್ಟು ಬೇಕಿಂಗ್ ಪೌಡರಿನ ಉಪಯೋಗವನ್ನು ಕೊಂಡಾಡಿದ. ದಪ್ಪ ಪಾತ್ರೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ: ಇದೇ ಅಂದಿನ ಉಪಾಯ. ಆದರೆ ಇದನ್ನು ನಮ್ಮ ಅಡುಗೆಯವರಿಗೆ ಇಂಗ್ಲಿಷರು ಕಲಿಸಬೇಕಾಗಿರಲಿಲ್ಲ. ಹೈದರಾಬಾದ್ ಸಂಸ್ಥಾನದ ಬಿರಿಯಾನಿಯ ‘ದಮ್’ ಅದೇ ತತ್ವದ ಮೇಲೆ ನಿಂತದ್ದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ಮೇಲೂ ಕೆಳಗೂ ಬೆಂಕಿ ಇಡುವ ವಿದ್ಯೆ ಹೊಸದಲ್ಲ.

ಇನ್ನೊಂದು ವಿದ್ಯೆಯೂ ನಮ್ಮಲ್ಲಿತ್ತು. ಅದು ಕಾದ ಉಸುಕಿನದು. ಚುರುಮುರಿ ಭಟ್ಟಿಯಲ್ಲಿ ಅಕ್ಕಿ ಅರಳುವುದು ಬೆಂಕಿಯ ಮೇಲಲ್ಲ, ಕಾದ ಉಸುಕಿನೊಳಗೆ. ಕಡಲೆ ಹುರಿಯುವುದೂ ಹಾಗೆಯೇ. ನಾಗರಪಂಚಮಿ ಬಂತೆಂದರೆ ಜೋಳ ಕಟ್ಟಿಕೊಂಡು ಅಳ್ಳು ಹುರಿಸಲು ಭಟ್ಟಿಗೆ ಹೋಗುವುದು ಈ ಭಾಗದ ರೂಢಿ. ಉಸುಕು ನಿಧಾನವಾಗಿ ಕಾಯುತ್ತದೆ, ಕಾದ ಮೇಲೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಎನ್ನದೆ ಹಂಚುತ್ತದೆ. ಕಾಳಿನ ಮೈಯನ್ನೆಲ್ಲ ಒಮ್ಮೆಲೇ ಮುಟ್ಟುವ ಬಿಸಿ ಅದು.

1959ರ ಸುಮಾರಿಗೆ ಪ್ರೆಷರ್ ಕುಕ್ಕರುಗಳು ನಮ್ಮ ದೇಶದಲ್ಲೇ ತಯಾರಾಗತೊಡಗಿ, ಮುಂದಿನ ದಶಕಗಳಲ್ಲಿ ಮನೆಮನೆಗೆ ಬಂದವು. ಆಗ ಈ ಎರಡೂ ವಿದ್ಯೆಗಳು ಒಂದಾದವು. ಮುಚ್ಚಳದ ರಬ್ಬರು, ಸೀಟಿ ಎರಡನ್ನೂ ತೆಗೆದು, ತಳದಲ್ಲಿ ಒಂದು ಅಂಗುಲ ಜರಡಿ ಹಿಡಿದ ಉಸುಕು ಹರಡಿ, ಹತ್ತು ನಿಮಿಷ ಕಾಯಿಸಿದರೆ ಕುಕ್ಕರ್ ಒಂದು ಚಿಕ್ಕ ಭಟ್ಟಿಯೇ. ಉಸುಕಿಲ್ಲದ ಮನೆಯಲ್ಲಿ ಕಲ್ಲುಪ್ಪು. ಎಂಥ ಅಡುಗೆ ಶಾಲೆಯ ಮೆಟ್ಟಿಲನ್ನೂ ಹತ್ತದ ಗೃಹಿಣಿಯರು ಬಾಯಿಂದ ಬಾಯಿಗೆ ದಾಟಿಸಿದ ಉಪಾಯವಿದು. 2020ರ ಲಾಕ್‌ಡೌನ್ ದಿನಗಳಲ್ಲಿ ಪೇಟೆಗೆ ಹೋಗಲಾರದ ಅದೆಷ್ಟೋ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬವನ್ನು ಕಾಪಾಡಿದ್ದು ಈ ಉಸುಕಿನ ಕುಕ್ಕರೇ.

ಮೊಟ್ಟೆಯ ಬದಲು ಮೊಸರು

ಒಲೆಯ ನಂತರದ ಪ್ರಶ್ನೆ ಮೊಟ್ಟೆಯದು. ಕೇಕು ಹಗುರಾಗಬೇಕಾದರೆ ಹಿಟ್ಟಿನೊಳಗೆ ಗಾಳಿ ಸೇರಬೇಕು. ಹಿಂದೆ ಯುರೋಪಿನಲ್ಲಿ ಇದಕ್ಕಾಗಿ ಮೊಟ್ಟೆಗಳನ್ನು ಕೈ ಸೋಲುವವರೆಗೆ ಬಡಿಯುತ್ತಿದ್ದರು. ಇಲ್ಲವೇ ಹುದುಗುಬಾರಿಸುವ ಯೀಸ್ಟ್ ಹಾಕುತ್ತಿದ್ದರು. ಈ ಶ್ರಮ ತಪ್ಪಿಸಿದವನು ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಎಂಬ ರಸಾಯನಶಾಸ್ತ್ರಜ್ಞ. ಅವನ ಹೆಂಡತಿಗೆ ಮೊಟ್ಟೆಯೂ ಆಗದು, ಯೀಸ್ಟೂ ಆಗದು. ಅವಳಿಗಾಗಿ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ 1843ರಲ್ಲಿ ಬೇಕಿಂಗ್ ಪೌಡರನ್ನೂ ಅವನು ತಯಾರಿಸಿದ. ಸೋಡಾ ಮತ್ತು ಹುಳಿ ಸೇರಿದರೆ ಅನಿಲ ಹೊರಡುತ್ತದೆ, ಆ ಅನಿಲದ ಗುಳ್ಳೆಗಳೇ ಹಿಟ್ಟನ್ನು ಎತ್ತುತ್ತವೆ. ಲೋಕವೆಲ್ಲ ತಿನ್ನುವ ಕೇಕಿನ ಹಿಂದೆ ಒಬ್ಬ ಹೆಣ್ಣುಮಗಳ ಪಥ್ಯವಿದೆ ಎಂಬುದು ಸ್ವಾರಸ್ಯದ ಸಂಗತಿ.

ನಮ್ಮ ಕರಾವಳಿಯಲ್ಲೂ ಕೇಕಿನ ಕಥೆ ಬದಲಿಯಿಂದಲೇ ಆರಂಭವಾಯಿತು. ಕಾಸರಗೋಡಿನಿಂದ ತೆಂಕಣಕ್ಕೆ ಇರುವ ತಲಶ್ಶೇರಿಯಲ್ಲಿ 1883ರಲ್ಲಿ ಮಂಬಳ್ಳಿ ಬಾಪು ಎಂಬವರು ತೋಟದ ಯಜಮಾನ ಮರ್ಡಾಕ್ ಬ್ರೌನ್ ಕೇಳಿದಂತೆ ಕ್ರಿಸ್‌ಮಸ್ ಕೇಕು ಮಾಡಿಕೊಟ್ಟರೆಂದು ಹೇಳುತ್ತಾರೆ. ಫ್ರೆಂಚ್ ಬ್ರಾಂದಿಯ ಜಾಗದಲ್ಲಿ ಅವರು ಗೇರುಹಣ್ಣು, ಬಾಳೆಹಣ್ಣಿನಿಂದ ಆದ ನಾಟಿ ಮದ್ಯ ಬಳಸಿದರಂತೆ. ಇತ್ತ ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನ ಸೀಮೆಯ ಅಯ್ಯಂಗಾರ್ ಸಹೋದರರು ತೆರೆದ ಬಿ.ಬಿ. ಬೇಕರಿಯಿಂದ ಒಂದು ದೊಡ್ಡ ಪರಂಪರೆಯೇ ಬೆಳೆಯಿತು. ಮೊಟ್ಟೆ ಮುಟ್ಟದ ಸಂಪ್ರದಾಯದವರು ಬೇಕರಿಯ ಒಲೆ ಹೊತ್ತಿಸಿ, ಮೊಟ್ಟೆಯಿಲ್ಲದ ಕೇಕನ್ನು ನಾಡಿಗೆಲ್ಲ ರೂಢಿ ಮಾಡಿಸಿದರು. ಮುಂದೆ ‘ಅಯ್ಯಂಗಾರ್ ಬೇಕರಿ’ ಎಂಬ ಫಲಕ ಇಲ್ಲದ ಪೇಟೆಯೇ ಇಲ್ಲವೆನ್ನುವಂತಾಯಿತು.

ಮನೆಯ ಕೇಕಿನಲ್ಲಿ ಮೊಟ್ಟೆಯ ಕೆಲಸವನ್ನು ಮೊಸರು ಮಾಡುತ್ತದೆ. ಅದರ ಹುಳಿ ಅಡುಗೆ ಸೋಡಾವನ್ನು ಎಬ್ಬಿಸುತ್ತದೆ, ಅದರ ಪಸೆ ಕೇಕನ್ನು ಮೆತ್ತಗಿಡುತ್ತದೆ. ಇದು ಮೋಸವಲ್ಲ. ಮಾಡುವವರಿಗೂ ತಿನ್ನುವವರಿಗೂ ತಿಳಿದೇ ಆದ ಬದಲಾವಣೆ.

ಪುತ್ತೂರಿನ ಕೋಕೋ

ಇನ್ನು ಚಾಕೊಲೇಟ್. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮೂಲನಿವಾಸಿಗಳು ಕೋಕೋ ಬೀಜವನ್ನು ಅರೆದು ಕಹಿ ಪಾನಕವಾಗಿ ಕುಡಿಯುತ್ತಿದ್ದರು. ಯುರೋಪಿಗೆ ಹೋದ ಮೇಲೂ ಬಹುಕಾಲ ಅದು ಪಾನೀಯವಾಗಿಯೇ ಉಳಿಯಿತು. ಬೀಜದ ತಿರುಳಿನಲ್ಲಿ ಅರ್ಧದಷ್ಟು ಕೊಬ್ಬು. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಈ ಕೊಬ್ಬನ್ನು ಹಿಂಡಿ ತೆಗೆಯುವ ಗಾಣಕ್ಕೆ ಹಕ್ಕು ಪಡೆದ. ಹಿಂಡಿ ಉಳಿದ ಹಿಂಡಿಯೇ ಕೋಕೋ ಪುಡಿ. ಹರಿದು ಬಂದ ಬೆಣ್ಣೆಯಂಥ ಕೊಬ್ಬು ಗಟ್ಟಿ ಚಾಕೊಲೇಟಿನ ಜೀವಾಳ. 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪನಿ ತಿನ್ನುವ ಚಾಕೊಲೇಟನ್ನು ಅಚ್ಚು ಹಾಕಿತು. ಕೋಕೋವನ್ನು ಹಿಟ್ಟಿನೊಳಗೇ ಕಲಸಿ ಕೇಕು ಮಾಡುವುದು ವ್ಯಾಪಕವಾದದ್ದು ಆ ಶತಮಾನದ ಕೊನೆಯ ದಶಕಗಳಲ್ಲಿ.

ಭಾರತಕ್ಕೆ ಕೋಕೋ ಗಿಡ ಬಂದದ್ದು 1798ರಲ್ಲಿ, ತಮಿಳುನಾಡಿನ ಕುರ್ತಾಲದ ತೋಟಕ್ಕೆ. ಬೆಳೆಯಾಗಿ ಬೇರೂರಿದ್ದು ಮಾತ್ರ 1960ರ ದಶಕದ ನಂತರ, ಅದೂ ಚಾಕೊಲೇಟ್ ಕಂಪನಿಯ ಪ್ರೋತ್ಸಾಹದಿಂದ. ದಕ್ಷಿಣ ಕನ್ನಡ, ಕಾಸರಗೋಡಿನ ರೈತರು ಅಡಕೆ ಮರಗಳ ನೆರಳಿನಲ್ಲಿ ಉಪಬೆಳೆಯಾಗಿ ಕೋಕೋ ಹಾಕಿದರು. 1980ರ ಹೊತ್ತಿಗೆ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ಕೋಕೋ ಕಾಯಿ ರೈತ ತಾನೇ ತಿಂದು ತೀರಿಸಬಹುದಾದ ಬೆಳೆಯಲ್ಲ. ಕೊಳ್ಳುವವನಿಲ್ಲದಿದ್ದರೆ ಗಿಡ ಕಡಿಯುವುದೊಂದೇ ದಾರಿ. ಆಗ ಮುಂದೆ ಬಂದದ್ದು 1973ರಲ್ಲಿ ಕರ್ನಾಟಕ ಮತ್ತು ಕೇರಳದ ಅಡಕೆ ಬೆಳೆಗಾರರು ಮಂಗಳೂರಿನಲ್ಲಿ ಕಟ್ಟಿಕೊಂಡಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಅದು ಕೋಕೋ ಖರೀದಿಗೆ ಇಳಿಯಿತು. ಅಷ್ಟಕ್ಕೇ ನಿಲ್ಲದೆ 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆಯನ್ನು ಆರಂಭಿಸಿತು. ಬೆಳೆಯುವವನೇ ತಿನಿಸಿನ ಒಡೆಯನೂ ಆದ ಉದಾಹರಣೆ ಚಾಕೊಲೇಟಿನ ಲೋಕದಲ್ಲಿ ವಿರಳ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳ ಬಡ ರೈತರಿಗೆ ಆ ಭಾಗ್ಯ ಇಲ್ಲ. ಅಲ್ಲಿನ ಬೆಳೆ ಕೈಕೊಟ್ಟು 2024ರಲ್ಲಿ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗಲೂ ಲಾಭದ ದೊಡ್ಡ ಪಾಲು ಅವರನ್ನು ಮುಟ್ಟಲಿಲ್ಲ.

ಇಲ್ಲಿ ಎರಡನೆಯ ಬಗೆಯ ಬದಲಿ ವಸ್ತು ಕಾಣಿಸಿಕೊಳ್ಳುತ್ತದೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ. ಬಾಯಲ್ಲಿ ಇಟ್ಟೊಡನೆ ಚಾಕೊಲೇಟ್ ಕರಗುವ ಸುಖ ಅದರಿಂದಲೇ. ಆದರೆ ಯಾದಗಿರಿಯ ಬೇಸಿಗೆಯಲ್ಲಿ ಅದು ಅಂಗಡಿಯ ಕಪಾಟಿನಲ್ಲೇ ಕರಗುತ್ತದೆ. ಬೆಲೆಯೂ ಹೆಚ್ಚು. ಆದ್ದರಿಂದ ‘ಕಾಂಪೌಂಡ್’ ಎಂಬ ಗಟ್ಟಿಗಳು ಬಂದವು. ಅದರಲ್ಲಿ ಕೋಕೋ ಪುಡಿ ಇರುತ್ತದೆ, ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಕೇಕಿನ ಮೇಲೆ ಉದುರಿಸುವ ಕಂದು ಚೂರುಗಳು ಹೆಚ್ಚಾಗಿ ಇದರವೇ.

ನಿಲ್ಲಬಾರದ ಕೆನೆ ನಿಂತದ್ದು

ಮತ್ತೆ ಬಸ್ಸಿನಲ್ಲಿ ಬಂದ ಆ ಕೆನೆಯ ಹೂವಿಗೆ ಬರೋಣ. ಕೆನೆ ಕಡೆಯುವುದು ಎಂದರೇನು? ಉತ್ತರ ನಮ್ಮ ಕಡಗೋಲಿನಲ್ಲಿದೆ. ತಣ್ಣನೆಯ ಕೆನೆಯನ್ನು ಕಡೆದಾಗ ಅದರೊಳಗೆ ಗಾಳಿಯ ಗುಳ್ಳೆಗಳು ಸೇರುತ್ತವೆ. ಕೊಬ್ಬಿನ ಕಣಗಳು ಅರೆಬರೆ ಅಂಟಿಕೊಂಡು ಆ ಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತವೆ. ಕೆನೆ ಉಬ್ಬಿ ಇಮ್ಮಡಿಯಾಗುತ್ತದೆ. ಇನ್ನೂ ಕಡೆದರೆ ಗೋಡೆ ಒಡೆದು ಕೊಬ್ಬು ಒಂದಾಗಿ ಬೆಣ್ಣೆ ಬರುತ್ತದೆ. ನಮ್ಮ ಹೆಂಗಸರು ಬೆಣ್ಣೆಯವರೆಗೆ ಹೋದರು. ಯುರೋಪಿನವರು ಅರ್ಧ ದಾರಿಯಲ್ಲಿ ಕೈ ನಿಲ್ಲಿಸಿದರು. ಅಲ್ಲಿ ಹದಿನಾರನೆಯ ಶತಮಾನದಲ್ಲೇ ಕಡ್ಡಿಗಳ ಕಟ್ಟಿನಿಂದ ಕೆನೆ ಬಡಿದು ‘ಹಾಲಿನ ಹಿಮ’ ಎಂದು ಕರೆದು ತಿನ್ನುತ್ತಿದ್ದರು.

ಇದಕ್ಕೆ ಎರಡು ಷರತ್ತು. ಕೆನೆಯಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಕೊಬ್ಬಿರಬೇಕು; ಅದು ಫ್ರಿಜ್ಜಿನಷ್ಟು ತಣ್ಣಗಿರಬೇಕು. ಕಾಸಿದ ಹಾಲಿನ ಮೇಲೆ ಕಟ್ಟುವ ನಮ್ಮ ಕೆನೆಯಲ್ಲಿ ಕೊಬ್ಬಿನ ಜೊತೆ ಬೆಂದ ಹಾಲಿನ ಪದರವೂ ಇರುವುದರಿಂದ ಅದು ನಯವಾಗಿ ಏಳುವುದಿಲ್ಲ. ಹಸಿ ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರವನ್ನು ಸ್ವೀಡನ್ನಿನ ಗುಸ್ತಾಫ್ ದ ಲಾವಲ್ 1878ರಲ್ಲಿ ರೂಪಿಸಿದ ಮೇಲೆ ಡೇರಿಗಳಲ್ಲಿ ದಟ್ಟ ಕೆನೆ ಸುಲಭವಾಯಿತು. ಅಂಗಡಿಯ ‘ಫ್ರೆಶ್ ಕ್ರೀಮ್’ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 25ರಷ್ಟು ಮಾತ್ರ ಕೊಬ್ಬಿರುವುದರಿಂದ ಎಷ್ಟು ಬಡಿದರೂ ಅವು ಸೋಲುತ್ತವೆ. ಹಲವರು ತಮ್ಮ ಕೈಗುಣವನ್ನು ದೂರಿಕೊಳ್ಳುತ್ತಾರೆ. ತಪ್ಪು ಕೈಯದಲ್ಲ, ಲೆಕ್ಕದ್ದು.

ಬೇಕರಿಯವನ ಕಷ್ಟ ಇನ್ನೂ ದೊಡ್ಡದು. ಅವನ ಕೇಕು ಅಂಗಡಿಯಲ್ಲಿ ದಿನಗಟ್ಟಲೆ ನಿಲ್ಲಬೇಕು, ಬಸ್ಸಿನಲ್ಲಿ ಹಳ್ಳಿ ಮುಟ್ಟಬೇಕು. ಅವನ ಕೈಗೆ ಬಂದದ್ದು ಹಾಲಿನ ಸೋಂಕು ಅಷ್ಟಾಗಿ ಇಲ್ಲದ ‘ಕೆನೆ’. 1945ರಲ್ಲಿ ಅಮೆರಿಕದ ರಾಬರ್ಟ್ ರಿಚ್ ಸೋಯಾ ಅವರೆಯಿಂದ ಇಂಥ ಕಡೆಯುವ ಕೆನೆಯನ್ನು ತಯಾರಿಸಿದ. ಯುದ್ಧಕಾಲದಲ್ಲಿ ಅಲ್ಲಿ ನಿಜವಾದ ಕೆನೆಗೆ ಕೊರತೆ ಇತ್ತು. ಆತನ ಊರಿನ ಹೆಸರು ಬಫಲೊ! ಎಮ್ಮೆಯನ್ನು ಹೊರಗಿಟ್ಟ ಕೆನೆ ಎಮ್ಮೆಯ ಹೆಸರಿನ ಊರಿನಲ್ಲೇ ಹುಟ್ಟಿತು. ಇಂದು ನಮ್ಮ ಬೇಕರಿಗಳ ಹೂವುಗಳು ಬಹುತೇಕ ತಾಳೆ ಜಾತಿಯ ಗಟ್ಟಿ ಎಣ್ಣೆ, ಸಕ್ಕರೆ, ನೀರು ಮತ್ತು ಅವನ್ನು ಬೆಸೆಯುವ ರಾಸಾಯನಿಕಗಳಿಂದ ಆದವು. ಆ ಎಣ್ಣೆ ಬಿಸಿಲಿಗೆ ಬೇಗ ಕರಗುವುದಿಲ್ಲ. ಮುದುಕಿಯ ಅನುಮಾನ ನಿಜವಾಯಿತು.

ಕೊರತೆಯ ಕಾಲದಲ್ಲಿ ಹುಟ್ಟಿದ ಬದಲಿ ವಸ್ತು ಸಮೃದ್ಧಿಯ ಕಾಲದಲ್ಲೂ ಮನೆ ಬಿಟ್ಟು ಹೋಗದಿದ್ದರೆ ಅದನ್ನು ಏನೆನ್ನಬೇಕು? ಎಮ್ಮೆಯ ಹಾಲಿನಲ್ಲಿ ನೂರಕ್ಕೆ ಸುಮಾರು 7ರಷ್ಟು ಕೊಬ್ಬಿದೆ. ಆಕಳ ಹಾಲಿಗಿಂತ ಬಹಳ ಹೆಚ್ಚು. ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಹಾಲು ಕರೆಯುವ ದೇಶ. ಅಂಥ ದೇಶದ ಮಗು ಹುಟ್ಟುಹಬ್ಬದ ದಿನ ಕೆನೆಯೆಂದು ತಾಳೆಎಣ್ಣೆಯ ನೊರೆಯನ್ನು ನೆಕ್ಕುತ್ತದೆ. ಮುಂದೊಂದು ದಿನ ನಿಜವಾದ ಕೆನೆಯನ್ನು ಕೊಟ್ಟರೆ ‘ಇದು ಕೇಕಿನ ಕ್ರೀಮ್ ಅಲ್ಲ’ ಎಂದು ಪಕ್ಕಕ್ಕೆ ಸರಿಸಲೂಬಹುದು. ನಾಲಿಗೆ ಒಮ್ಮೆ ಮರೆತದ್ದನ್ನು ಮತ್ತೆ ಕಲಿಸುವುದು ಸುಲಭವಲ್ಲ.

ಮನೆಯ ಲೆಕ್ಕ

ಬೇಕರಿಯವನನ್ನು ಬೈದು ಪ್ರಯೋಜನವಿಲ್ಲ. ಅವನು ದೂರಕ್ಕೂ ಬಿಸಿಲಿಗೂ ತಕ್ಕ ಕೇಕು ಮಾಡುತ್ತಾನೆ. ಆದರೆ ಮನೆಯ ಕೇಕು ಎಲ್ಲಿಗೂ ಪ್ರಯಾಣ ಮಾಡಬೇಕಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಬಂದರೆ ಸಾಕು. ಅದಕ್ಕೆ ಈ ವೇಷ ಬೇಡ.

ಮಾಡುವ ಬಗೆ ಕಠಿಣವಲ್ಲ. 200 ಗ್ರಾಂ ಮೈದಾ, 40 ಗ್ರಾಂ ಕೋಕೋ ಪುಡಿ, ಒಂದು ಚಹಾ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಇವನ್ನು ಜರಡಿ ಹಿಡಿಯಬೇಕು. 200 ಮಿಲಿಲೀಟರ್ ಮೊಸರಿಗೆ 200 ಗ್ರಾಂ ಸಕ್ಕರೆ, 100 ಮಿಲಿಲೀಟರ್ ವಾಸನೆಯಿಲ್ಲದ ಎಣ್ಣೆ, ಅಷ್ಟೇ ಬಿಸಿನೀರು ಸೇರಿಸಿ, ಹಿಟ್ಟನ್ನು ಹೆಚ್ಚು ತಿರುವದೆ ಕಲಸಬೇಕು. ಎಣ್ಣೆ ಸವರಿದ ಪಾತ್ರೆಗೆ ತಡಮಾಡದೆ ಸುರಿಯಬೇಕು. ಸೋಡಾದ ಗುಳ್ಳೆ ಯಾರಿಗೂ ಕಾಯುವುದಿಲ್ಲ. ಕಾದ ಉಸುಕಿನ ಮೇಲೆ ಒಂದು ಸಿಂಬೆಯಂಥ ತಟ್ಟೆಯಿಟ್ಟು, ಅದರ ಮೇಲೆ ಪಾತ್ರೆ ಇರಿಸಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಬೇಕು. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಪೂರ್ತಿ ಆರಿದ ಮೇಲೆ ಅಡ್ಡಕ್ಕೆ ಸೀಳಿ ಎರಡು ಪದರ ಮಾಡಬೇಕು. ಬಿಸಿ ಕೇಕಿನ ಮೇಲೆ ಕೆನೆ ಹಚ್ಚಿದರೆ ಅದು ಹಾಲಾಗಿ ಹರಿಯುತ್ತದೆ.

ಕೆನೆಗೆ ನೂರಕ್ಕೆ 35ರಷ್ಟು ಕೊಬ್ಬಿರುವ ಡೇರಿಯ ಪೊಟ್ಟಣವನ್ನೇ ಹುಡುಕಬೇಕು. ಈಗ ದೊಡ್ಡ ಪೇಟೆಗಳಲ್ಲಿ ಸಿಗುತ್ತದೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಹಾಲಿನ ಕೊಬ್ಬು ಇದೆಯೋ ಸಸ್ಯದ ಕೊಬ್ಬು ಇದೆಯೋ ಓದಿ ನೋಡುವುದು ಒಳ್ಳೆಯದು. ಕೆನೆಯನ್ನೂ ಪಾತ್ರೆಯನ್ನೂ ಫ್ರಿಜ್ಜಿನಲ್ಲಿ ತಣಿಸಿ, ಪಾತ್ರೆಯ ಕೆಳಗೆ ಮಂಜುಗಡ್ಡೆಯ ನೀರಿಟ್ಟು, ಸ್ವಲ್ಪ ಪುಡಿ ಸಕ್ಕರೆ ಹಾಕಿ ಕಡೆಯಬೇಕು. ಗೆರೆ ಎಳೆದರೆ ಗೆರೆ ನಿಲ್ಲುವ ಹದ ಬಂದೊಡನೆ ಕೈ ನಿಲ್ಲಿಸಬೇಕು. ಆಸೆಪಟ್ಟು ಇನ್ನೆರಡು ಸುತ್ತು ಹಾಕಿದರೆ ಬೆಣ್ಣೆ ತೇಲುತ್ತದೆ. ಹಾಗಾದರೂ ಚಿಂತೆಯಿಲ್ಲ, ಮರುದಿನದ ಬಿಸಿ ರೊಟ್ಟಿಗೆ ಅದು ಒದಗುತ್ತದೆ.

ಇಂಥ ಕೇಕು ಬೇಸಿಗೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಹಾಡು ಮುಗಿಯುವಷ್ಟರಲ್ಲಿ ಅಂಚು ಬೆವರತೊಡಗುತ್ತದೆ. ನೆರೆಮನೆಯವರನ್ನು ಬೇಗ ಕರೆದು, ಬೇಗ ಕೊಯ್ದು, ಬೇಗ ಹಂಚಬೇಕಾಗುತ್ತದೆ. ಒಲೆ ಇಲ್ಲದಾಗ ಉಸುಕು, ಮೊಟ್ಟೆ ಬೇಡವಾದಾಗ ಮೊಸರು, ಚೆರ‍್ರಿ ಸಿಗದಿದ್ದಾಗ ಕವಳಿ: ಇವೆಲ್ಲ ನಮ್ಮವರು ಕಣ್ಣು ತೆರೆದು ಮಾಡಿಕೊಂಡ ಬದಲಾವಣೆಗಳು, ಅವನ್ನು ಉಳಿಸಿಕೊಳ್ಳೋಣ. ಹಟ್ಟಿಯಲ್ಲಿ ಎಮ್ಮೆ ಇರುವಾಗ ಕೆನೆಗೂ ಬದಲಿ ಹುಡುಕಬೇಕಾಗಿಲ್ಲ. ಆ ಮುದುಕಿ ಬೆರಳಿಂದ ಮುಟ್ಟಿ ನೋಡಿ, ಬೆರಳನ್ನು ಬಾಯಿಗಿಟ್ಟು, ‘ಹೌದು, ಇದು ಕೆನಿ’ ಎನ್ನುವಂತಿದ್ದರೆ ಸಾಕು.